ಸೌತೆಕಾಯಿಯ ತಂಪು ಇಂಗ್ಲಿಷಿಗೆ ಬಂದ ಬಗೆ

‘ಕೂಲ್ ಆ್ಯಸ್ ಎ ಕುಕುಂಬರ್’ (ಸೌತೆಕಾಯಿಯಷ್ಟು ತಂಪು) ಎಂಬ ನುಡಿಗಟ್ಟನ್ನು ವಾಕ್ಯದಲ್ಲಿ ಬಳಸಿ ಎಂದರೆ ನನ್ನ ವಿದ್ಯಾರ್ಥಿಗಳು ಸಾಮಾನ್ಯವಾಗಿ ಸಾಧು ಸ್ವಭಾವದವರನ್ನು, ಮಿತಭಾಷಿಗಳನ್ನು ಹುಡುಕಿಕೊಂಡು ಹೋಗುತ್ತಾರೆ. ‘ನಮ್ಮ ಅಜ್ಜಿ ಸದಾ ಹಾಗೆ’ ಎಂದು ಬರೆಯುತ್ತಾರೆ. ವ್ಯಾಕರಣ ಸರಿಯಾಗಿದ್ದರೂ ನುಡಿಗಟ್ಟಿಗೆ ಅಲ್ಲಿ ಕೆಲಸವಿಲ್ಲ. ಸುತ್ತಲಿನವರಿಗೆಲ್ಲ ಕೈಕಾಲು ಆಡದಂತಾಗಿರುವಾಗ ಒಬ್ಬರು ಮಾತ್ರ ವಿಚಲಿತರಾಗದೆ ಇರಬೇಕು. ಕೊನೆಯ ಓವರಿನಲ್ಲಿ ಆರು ರನ್ ಉಳಿಸಬೇಕಾದ ಬೌಲರ್ ನಿಧಾನವಾಗಿ ಫೀಲ್ಡರನ್ನು ಎರಡು ಹೆಜ್ಜೆ ಬಲಕ್ಕೆ ಸರಿಸುತ್ತಾನಲ್ಲ, ಅವನಿಗೆ ಈ ಮಾತು ಒಪ್ಪುತ್ತದೆ.

ಈ ಹೋಲಿಕೆಗೆ ಮೊದಲು ಇಷ್ಟು ಒಳ್ಳೆಯ ಹೆಸರಿರಲಿಲ್ಲ. 1615ರಲ್ಲಿ ಅಚ್ಚಾದ ಬೋಮಂಟ್ ಮತ್ತು ಫ್ಲೆಚರ್ ಅವರ ನಾಟಕವೊಂದರಲ್ಲಿ ತರುಣಿಯರು ಸೌತೆಕಾಯಿಯಷ್ಟು ‘ಕೋಲ್ಡ್’ ಎಂಬ ಮಾತು ಬರುತ್ತದೆ. ಪ್ರಣಯಕ್ಕೆ ಓಗೊಡದವರು ಎಂಬುದು ಅಲ್ಲಿನ ಅರ್ಥ. ‘ಕೂಲ್’ ಎಂಬ ಇಂದಿನ ರೂಪ ಕಾಣುವುದು ಕವಿ ಜಾನ್ ಗೇ 1732ರಲ್ಲಿ ಪ್ರಕಟಿಸಿದ ಹಾಡಿನಲ್ಲಿ. ಮಾಲಿ ಎಂಬ ಹುಡುಗಿ ಒಲಿದುಬಿಟ್ಟರೆ ಉಳಿದ ಹೆಂಗಸರನ್ನೆಲ್ಲ ಸೌತೆಕಾಯಿಯಂತೆ ತಣ್ಣಗೆ ನೋಡಬಲ್ಲೆ ಎನ್ನುತ್ತಾನೆ ಪ್ರೇಮಿ. ಇಲ್ಲೂ ವಿಷಯ ಪ್ರೇಮವೇ. ಆದರೆ ಮನಸ್ಸು ಅಲುಗಾಡದು ಎಂಬ ಧೈರ್ಯ ಆ ಸಾಲಿನಲ್ಲಿ ಆಗಲೇ ಇದೆ, ನಾವು ಇಂದು ಬಳಸುವುದು ಅದನ್ನೇ.

ಅಷ್ಟೊಂದು ತರಕಾರಿಗಳಿರುವಾಗ ಸೌತೆಕಾಯಿಯೇ ಏಕೆ? ‘ಕ’ಕಾರದ ಪ್ರಾಸ ಕಿವಿಗೆ ಹಿತ ಎಂಬುದು ಒಂದು ಕಾರಣ. ಅದರ ತೂಕದಲ್ಲಿ ಸುಮಾರು ಶೇ 95ರಷ್ಟು ನೀರೇ ಇರುವುದರಿಂದ ಬಿಸಿಲಿಗೂ ಬೇಗ ಕಾಯುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಆ ಕಾಲದ ವೈದ್ಯಕೀಯ ನಂಬಿಕೆ. ಗ್ರೀಕ್ ಮೂಲದ ಯುರೋಪಿನ ವೈದ್ಯಪದ್ಧತಿಯಲ್ಲಿ ಸೌತೆಕಾಯಿ ‘ಶೀತ ಮತ್ತು ಆರ್ದ್ರ’ ಗುಣದ್ದು. ನಮ್ಮ ಮನೆಗಳಲ್ಲೂ ಅದು ತಂಪಿನ ತರಕಾರಿಯೇ, ಆದರೆ ಅಲ್ಲಿನವರಿಗೆ ಆ ತಂಪಿನ ಬಗ್ಗೆ ಭಯವಿತ್ತು. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1663ರ ಆಗಸ್ಟ್‌ನ ದಿನಚರಿಯಲ್ಲಿ, ಪರಿಚಯದವರೊಬ್ಬರು ಸೌತೆಕಾಯಿ ತಿಂದು ಸತ್ತರಂತೆ ಎಂದು ಬರೆದುಕೊಂಡಿದ್ದಾನೆ. ಅಂಥ ಕಾಯಿಯ ಹೆಸರು ಹೊಗಳಿಕೆಗೆ ಸಲ್ಲುವಂತಾದದ್ದು ನನಗೆ ಈಗಲೂ ಸೋಜಿಗ.

ಹೊಗಳಿಕೆಯೇ ಎಂದು ಪೂರ್ತಿ ನಂಬಿಬಿಡಬೇಡಿ. ಸಿಕ್ಕಿಬಿದ್ದ ಮೇಲೂ ಮುಖದ ಗೆರೆ ಬದಲಾಗದಂತೆ ಸುಳ್ಳು ಹೇಳುವವನಿಗೂ ಇಂಗ್ಲಿಷಿನವರು ಇದನ್ನೇ ಹೇಳುತ್ತಾರೆ. ಆಗ ಅದರಲ್ಲಿ ಮೆಚ್ಚುಗೆಗಿಂತ ಅವನ ಭಂಡತನದ ಬಗೆಗಿನ ಬೆರಗೇ ಹೆಚ್ಚು. ಇನ್ನು, ಇದು ಆಡುಮಾತಿನ ಸಲಿಗೆಯ ನುಡಿ. ಸಹೋದ್ಯೋಗಿಗೆ ಶಿಫಾರಸು ಪತ್ರ ಬರೆಯುವಾಗ ‘ಕಂಪೋಸ್ಡ್’ (ಶಾಂತಚಿತ್ತ) ಎಂಬ ಪದ ಸಾಕು.