ಮಳೆಗಾಲದ ಬಾಗಿಲು, ಕಣ್ಣೆದುರಿನ ಪ್ಲಾಸ್ಟಿಕ್

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಹಿಂಬಾಗಿಲು ಆಷಾಢ ಬಂತೆಂದರೆ ಮುಚ್ಚುವುದಿಲ್ಲ. ಮರ ನೀರು ಕುಡಿದು ಉಬ್ಬುತ್ತದೆ, ಚಿಲಕ ಕೂರುವುದಿಲ್ಲ, ರಾತ್ರಿ ಭುಜ ಕೊಟ್ಟು ನೂಕಬೇಕು. ಹೋದ ಮಳೆಗಾಲ ಕೀಸುಳಿ ಹೊಡೆಸಿಬಿಡೋಣ ಎಂದು ಆಚಾರ್ರನ್ನು ಕರೆಸಿದೆ. ಅವರು ಬಾಗಿಲಂಚಿನ ಮೇಲೆ ಹೆಬ್ಬೆರಳು ಓಡಿಸಿ, "ಈಗ ಹೊಡೆದ್ರೆ ಮಾಗಿಲಿ ಬೆರಳು ತೂರುವಷ್ಟು ಸಂದು ಬೀಳ್ತದೆ ಮಾರಾಯ್ರೆ. ಮಳೆ ಬಿಡ್ಲಿ, ಬರ್ತೀನಿ" ಎಂದು ಕಾಫಿ ಕುಡಿದು ಹೋದರು.

ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಆರ್ ಕನ್ನಡಕ ಮಾಡುವವರ ತಲೆಬಿಸಿಯೂ ಈ ಬಾಗಿಲಿನದೇ. ಎದುರಿನ ರಸ್ತೆ, ಮರ, ಮನುಷ್ಯರು ಇದ್ದ ಹಾಗೇ ಕಾಣುತ್ತಿರಬೇಕು. ಅದರ ಮೇಲೆ ಅಕ್ಷರವೋ ಬಾಣದ ಗುರುತೋ ತೇಲಬೇಕು. ಇದಕ್ಕಾಗಿ ಕನ್ನಡಕದಲ್ಲೇ ಒಂದು ಪುಟ್ಟ ಪ್ರೊಜೆಕ್ಟರ್ ಇರುತ್ತದೆ. ಅದರ ಬೆಳಕು ತೆಳು ಫಲಕವೊಂದರ ಒಳಹೊಕ್ಕು, ಎರಡು ಮೈಗಳ ನಡುವೆ ಪುಟಿಯುತ್ತಾ ಸಾಗಿ, ಕಣ್ಣಿನ ಮುಂದೆ ಹೊರಬರುತ್ತದೆ. ವಕ್ರೀಭವನ ಸೂಚ್ಯಂಕ, ಅಂದರೆ ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, 1.5 ಇರುವ ವಸ್ತುವಿನಲ್ಲಿ ಲಂಬದಿಂದ ಸುಮಾರು 42 ಡಿಗ್ರಿಗಿಂತ ಓರೆಯಾಗಿ ಮೈಗೆ ಬಡಿದ ಬೆಳಕು ಹೊರಗೆ ಹೋಗಲಾರದೆ ಒಳಕ್ಕೇ ಮರಳುತ್ತದೆ. ಅದನ್ನು ಒಳಗೆ ತಿರುಗಿಸುವುದಕ್ಕೂ ಹೊರಗೆ ಬಿಡುವುದಕ್ಕೂ ಫಲಕದ ಮೇಲೆ ಗೀರುಗಳ ಸಾಲು ಇರುತ್ತದೆ. ಗೀರಿನಿಂದ ಗೀರಿಗೆ 400 ನ್ಯಾನೊಮೀಟರ್ ಆಸುಪಾಸು. ತಲೆಗೂದಲಿನ ದಪ್ಪದಲ್ಲಿ ಇನ್ನೂರು ಗೀರು ಹಿಡಿಸುತ್ತವೆ.

ಗಾಜಿನಲ್ಲಿ ಇದೆಲ್ಲ ಚೆನ್ನಾಗಿಯೇ ನಡೆಯುತ್ತದೆ. ಆದರೆ ಮಾಮೂಲಿ ಗಾಜು ಪ್ಲಾಸ್ಟಿಕ್ಕಿನ ಎರಡು ಪಟ್ಟಿಗಿಂತ ಭಾರ, ಬಿದ್ದರೆ ಒಡೆಯುತ್ತದೆ, ಒಡೆಯುವುದೂ ಕಣ್ಣಿನ ಪಕ್ಕದಲ್ಲೇ. ದಿನವಿಡೀ ಮೂಗಿನ ಮೇಲೆ ಹೊರಬೇಕಾದ ವಸ್ತು ಪ್ಲಾಸ್ಟಿಕ್ಕಿನದೇ ಆಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತೊಡಕು ಇರುವುದು ಹಿಗ್ಗುವುದರಲ್ಲಿ. ಅಕ್ರಿಲಿಕ್ ಎಂದು ನಾವು ಕರೆಯುವ ಪಿಎಂಎಂಎ ಬಿಸಿಗೆ ಗಾಜಿನ ಹತ್ತು ಪಟ್ಟು ಹಿಗ್ಗುತ್ತದೆ. 5 ಸೆಂಟಿಮೀಟರ್ ಉದ್ದದ ತುಂಡು 20 ಡಿಗ್ರಿ ಬಿಸಿಯೇರಿದರೆ 70 ಮೈಕ್ರಾನ್ ಉದ್ದವಾಗುತ್ತದೆ. ಇಡೀ ಫಲಕ ಒಂದೇ ಸಮ ಹಿಗ್ಗಿದರೆ ಅಷ್ಟು ಭಯವಿಲ್ಲ: ಒಳಹೊಗುವಾಗ ಆದ ತಪ್ಪನ್ನು ಹೊರಬರುವಾಗಿನ ಗೀರುಗಳು ತಾವೇ ಸರಿದೂಗಿಸುತ್ತವೆ. ಆದರೆ ಪ್ರೊಜೆಕ್ಟರಿನ ಪಕ್ಕ ಬಿಸಿ, ಮೂಗಿನ ಪಕ್ಕ ತಂಪು. ಎರಡು ಗೀರುಸಾಲುಗಳ ನಡುವೆ ಐದೇ ಡಿಗ್ರಿ ವ್ಯತ್ಯಾಸ ಬಂದರೂ ಹಸಿರು ಬೆಳಕು ಸುಮಾರು ಒಂದೂವರೆ ಆರ್ಕ್‌ಮಿನಿಟ್ (ಕೋನದ ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲು ಒಂದು ಆರ್ಕ್‌ಮಿನಿಟ್) ಪಕ್ಕಕ್ಕೆ ವಾಲುತ್ತದೆ. ನಮ್ಮ ಕಣ್ಣು ಒಂದು ಆರ್ಕ್‌ಮಿನಿಟ್ ವ್ಯತ್ಯಾಸವನ್ನೂ ಗುರುತಿಸಬಲ್ಲದು. ಕೆಂಪು, ನೀಲಿ ಬೇರೆ ಬೇರೆ ಅಳತೆಯಲ್ಲಿ ವಾಲುವುದರಿಂದ ಅಕ್ಷರದ ಅಂಚಿನಲ್ಲಿ ಬಣ್ಣ ಒಡೆಯುತ್ತದೆ. ಫಲಕ ಒಂಚೂರು ಬಾಗಿದರಂತೂ ಬೆಳಕು ಪುಟಿದಷ್ಟು ಸಲವೂ ತಪ್ಪು ಕೂಡುತ್ತಾ ಹೋಗುತ್ತದೆ.

ಇನ್ನು ನೀರು. ಪಿಎಂಎಂಎ ತನ್ನ ತೂಕದ ಸುಮಾರು ಶೇ. 2ರಷ್ಟು ನೀರನ್ನು ಹೀರಬಲ್ಲದು. ಒಂದೇ ಏಟಿಗೆ ಅಲ್ಲ, ಹೊರಗಿನಿಂದ ಒಳಕ್ಕೆ ವಾರಗಟ್ಟಲೆ ಇಳಿಯುತ್ತದೆ. ಉಸಿರಿನ ಹಬೆ ತಾಗುವ ಮೈ ಮೊದಲು ಉಬ್ಬಿ, ಇನ್ನೊಂದು ಮೈ ಒಣಗಿಯೇ ಇದ್ದರೆ ಫಲಕ ಹಪ್ಪಳದಂತೆ ಬಾಗುತ್ತದೆ.

ಹಾಗಾದರೆ ಪಿಎಂಎಂಎ ಕೆಟ್ಟ ವಸ್ತುವೇ? 1949ರಲ್ಲಿ ಲಂಡನ್ನಿನ ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ ಪೊರೆ ತೆಗೆದ ಕಣ್ಣಿನೊಳಗೆ ಮೊದಲ ಬಾರಿಗೆ ಕೂರಿಸಿದ ಲೆನ್ಸ್ ಇದರದೇ. ಆಮೇಲೆ ದಶಕಗಟ್ಟಲೆ ಎಷ್ಟೋ ಜನರ ಕಣ್ಣಲ್ಲಿ ಅದು ತೊಂದರೆ ಕೊಡದೆ ಕೂತಿದೆ. ಕಣ್ಣೊಳಗೆ ಸದಾ ನೀರು, ಆದರೆ ಆ ನೀರು ಹೆಚ್ಚುಕಡಿಮೆಯಾಗುವುದಿಲ್ಲ, ಬಿಸಿಯೂ ಅಷ್ಟೇ. ಪ್ಲಾಸ್ಟಿಕ್ಕನ್ನು ಕೆಡಿಸುವುದು ತೇವಕ್ಕಿಂತ ಹೆಚ್ಚಾಗಿ ತೇವದ ಏರಿಳಿತ. ಆಚಾರ್ರು ಆಷಾಢದಲ್ಲಿ ನಿಂತು ಮಾಗಿಯ ಲೆಕ್ಕ ಹಾಕಿದ್ದು ಇದನ್ನೇ.

ಬಿಸಿ, ನೀರು ಆದ ಮೇಲೆ ಮೂರನೆಯ ತೊಡಕು ಹೊರಗಿನಿಂದ ಬರುವುದಲ್ಲ, ಪ್ಲಾಸ್ಟಿಕ್ಕಿನ ಒಳಗೇ ಇರುವ ಬಿಗಿತ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಬಿಳಿ ಪುಟ ತೆರೆದು, ಮಕ್ಕಳ ಜಾಮಿಟ್ರಿ ಬಾಕ್ಸಿನ ಪಾರದರ್ಶಕ ಸ್ಕೇಲನ್ನು ಅದರ ಮುಂದೆ ಹಿಡಿಯಿರಿ. ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡು, ತಲೆಯನ್ನು ಮೆಲ್ಲಗೆ ಓರೆ ಮಾಡುತ್ತಾ ನೋಡಿ. ಪರದೆ ಕಪ್ಪಾದ ಕ್ಷಣ ಸ್ಕೇಲಿನ ತುಂಬ ಕಾಮನಬಿಲ್ಲು! ಅಚ್ಚಿಗೆ ಕರಗಿದ ಪ್ಲಾಸ್ಟಿಕ್ ನುಗ್ಗಿದ ಮೂಲೆಯಲ್ಲಿ ಬಣ್ಣದ ಪಟ್ಟೆಗಳು ಒತ್ತೊತ್ತಾಗಿರುತ್ತವೆ. ಶಾವಿಗೆ ಒರಳಿನ ತೂತಿನಲ್ಲಿ ಹಿಟ್ಟು ಎಳೆಯಾಗುವಂತೆ, ಉದ್ದುದ್ದ ಅಣುಸರಪಳಿಗಳು ಅಲ್ಲಿ ಒಂದೇ ದಿಕ್ಕಿಗೆ ಎಳೆದುಕೊಂಡು ಹಾಗೇ ಗಟ್ಟಿಯಾಗಿವೆ. ಆ ಬಿಗಿತದಿಂದಾಗಿ ಒಂದು ದಿಕ್ಕಿಗೆ ಕಂಪಿಸುವ ಬೆಳಕಿಗೆ ಒಂದು ವೇಗ, ಇನ್ನೊಂದು ದಿಕ್ಕಿಗೆ ಕಂಪಿಸುವುದಕ್ಕೆ ಇನ್ನೊಂದು ವೇಗ. ಇದೇ ದ್ವಿವಕ್ರೀಭವನ. ಬಿಸಿಲು ಬಡಿದ ದಿನ ಆ ಬಿಗಿತ ಸಡಿಲಗೊಂಡು ಆಕಾರವೇ ಬದಲಾಗಬಹುದು. ಹಾಗಾಗಿ ಅಚ್ಚಿನಿಂದ ತೆಗೆದ ತುಂಡನ್ನು ಮೆತ್ತಗಾಗುವ ಬಿಸಿಗಿಂತ ಸ್ವಲ್ಪ ಕೆಳಗೆ, ಪಿಎಂಎಂಎ ಆದರೆ 80 ಡಿಗ್ರಿ ಸುಮಾರಿಗೆ, ಗಂಟೆಗಟ್ಟಲೆ ಇಟ್ಟು ನಿಧಾನಕ್ಕೆ ಆರಿಸುತ್ತಾರೆ. ಇಲ್ಲಿ ಅವಸರ ಸಲ್ಲದು.

ವಸ್ತುವನ್ನೇ ಬದಲಿಸುವ ದಾರಿಯೂ ಇದೆ. ಸೈಕ್ಲೋ ಓಲೆಫಿನ್ ಪಾಲಿಮರ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ ಇರುವುದು ಮೇಣದ ಹಾಗೆ ಬರೀ ಇಂಗಾಲ, ಜಲಜನಕ. ಹೀರುವ ನೀರು ಶೇ. 0.01ಕ್ಕೂ ಕಡಿಮೆ. ಆದರೆ ನೀರನ್ನು ಒಲ್ಲದ ಮೈ ಅಂಟನ್ನೂ ಒಲ್ಲದು, ಲೇಪನವೂ ಸುಲಭಕ್ಕೆ ಹಿಡಿಯದು. ಸೂಚ್ಯಂಕವೂ 1.53ರಷ್ಟೇ, ಅದು ಕಡಿಮೆಯಾದಷ್ಟೂ ಕಾಣುವ ಚಿತ್ರ ಕಿರಿದಾಗುತ್ತದೆ. ಕನ್ನಡಕದಂಗಡಿಯಲ್ಲಿ ಹೈ ಇಂಡೆಕ್ಸ್ ಎಂದು ಕೊಡುವ 1.67ರ ಲೆನ್ಸಿನಲ್ಲಿ ಗಂಧಕದ ಪರಮಾಣು ಸೇರಿಸಿ ಸೂಚ್ಯಂಕ ಏರಿಸಿರುತ್ತಾರೆ. ಅಂಥ ದ್ರವವನ್ನು ಎರಡು ನುಣುಪು ಗಾಜುಗಳ ನಡುವೆ ಹೊಯ್ದು ಗಟ್ಟಿಮಾಡಿದರೆ ಎರಡೂ ಮೈ ಸಮಾನಾಂತರವಾಗಿ ಬರುತ್ತವೆ, ನುಗ್ಗಿಸಿದ ಬಿಗಿತವೂ ಇರುವುದಿಲ್ಲ. ನನಗೆ ಹೆಚ್ಚು ಭರವಸೆ ಇರುವುದು ಈ ದಾರಿಯ ಮೇಲೆ.

ಎಲೆಕ್ಟ್ರಾನಿಕ್ಸ್‌ನಲ್ಲಿ 85 ಡಿಗ್ರಿ ಬಿಸಿ, ಶೇ. 85 ತೇವದಲ್ಲಿ 1,000 ಗಂಟೆ ಇಟ್ಟು ನೋಡುವ ಪರೀಕ್ಷೆ ರೂಢಿಯಲ್ಲಿದೆ. ಕನ್ನಡಕಕ್ಕೆ ಅದೊಂದೇ ಸಾಲದು ಎನ್ನುತ್ತೇನೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಒಂದು ವಾರ ಹಾಕಿಕೊಂಡು ಓಡಾಡಿ, ಎಸಿ ಕಾರಿನಲ್ಲಿ ಶಿವಮೊಗ್ಗಕ್ಕೆ ಇಳಿದು, ಬಿಸಿಲಲ್ಲಿ ನಿಂತು ಓದಿದಾಗಲೂ ಅಕ್ಷರ ಅಲುಗಬಾರದು.

ಆಚಾರ್ರು ಕಾರ್ತಿಕದಲ್ಲಿ ಬಂದರು. ಒಣಗಿದ ಬಾಗಿಲಿನ ಸಂದಿನಲ್ಲಿ ನಾಣ್ಯವೊಂದನ್ನು ಮೇಲಿಂದ ಕೆಳಗೆ ಓಡಿಸಿ, ಅದು ಸಿಕ್ಕಿಕೊಂಡ ಕಡೆ ಮಾತ್ರ ಎರಡು ಸಲ ಕೀಸುಳಿ ಹೊಡೆದರು. ಫಲಕವನ್ನು ಚೌಕಟ್ಟಿಗೆ ಕೂರಿಸುವವರೂ ಸುತ್ತ ಅಂಥದೇ ಒಂದು ಸಂದು ಬಿಟ್ಟು, ಸಿಲಿಕೋನಿನಂಥ ಮೆತ್ತನೆಯ ಅಂಟು ತುಂಬುತ್ತಾರೆ.