ಅಠಾರಾ ಕಚೇರಿ: ಹದಿನೆಂಟು ಹೋದವು, ಹೆಸರು ಉಳಿಯಿತು

ಬೆಂಗಳೂರಿನ ಹೈಕೋರ್ಟನ್ನು ಹಳಬರು ಈಗಲೂ ಅಠಾರಾ ಕಚೇರಿ ಅಂತಲೇ ಕರೆಯುತ್ತಾರೆ. ಅಠಾರಾ ಅಂದರೆ ಉರ್ದುವಿನಲ್ಲಿ ಹದಿನೆಂಟು. ಮೈಸೂರು ಸರ್ಕಾರದ ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಕೂತಿದ್ದಕ್ಕೆ ಬಂದ ಹೆಸರು. ಇಲಾಖೆಗಳು ಜಾಗ ಖಾಲಿ ಮಾಡಿ ಎಷ್ಟೋ ಕಾಲವಾಯಿತು.

ಈ ಕಟ್ಟಡದ ಕಥೆಯೆಲ್ಲ ಒಂದೇ ಗೋಳಿನಿಂದ ಹುಟ್ಟಿದ್ದು: ಜಾಗ ಸಾಲದು. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಗೆ ಹೋಯಿತು. ಅವರ ಕಚೇರಿಗಳು ಬೆಂಗಳೂರು ಕೋಟೆ ಪಕ್ಕದ ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ ನಡೆಯುತ್ತಿದ್ದವು. ಮರದ ಕಂಬ, ಬಣ್ಣದ ಕಮಾನು, ತಂಪು ಜಗಲಿ. ಬೇಸಿಗೆ ಕಳೆಯುವುದಕ್ಕೆ ಕಟ್ಟಿಸಿದ ಮನೆ ಅದು, ಕಡತ ಒಟ್ಟುವುದಕ್ಕಲ್ಲ ಅಲ್ವಾ? ಬೌರಿಂಗ್ ಕಮಿಷನರ್ ಆಗಿದ್ದಾಗ, 1864ರಲ್ಲಿ, ಹೊಸ ಕಟ್ಟಡದ ಕೆಲಸ ಶುರುವಾಯಿತು. 1868ರಲ್ಲಿ ಮುಗಿಯಿತು. ಕೆಂಪು ಗೋಡೆ, ಎರಡು ಅಂತಸ್ತು, ಮುಂದೆ ಎತ್ತರದ ಕಂಬಗಳ ಸಾಲು. ಸುತ್ತ ಕಬ್ಬನ್ ಪಾರ್ಕ್ ರೂಪ ತಳೆದದ್ದೇ ಆಮೇಲೆ, 1870ರಲ್ಲಿ.

1881ರಲ್ಲಿ ರಾಜ್ಯ ಮತ್ತೆ ಒಡೆಯರಿಗೆ ಬಂತು. ಕಮಿಷನರ್ ಹೋಗಿ ದಿವಾನರು ಬಂದರು, ಕಚೇರಿ ಮಾತ್ರ ಕದಲಲಿಲ್ಲ. ಆಳುವವರು ಬದಲಾದರೂ ಅರ್ಜಿ ಹಿಡಿದು ಬರುವವರಿಗೆ ವಿಳಾಸ ಅದೇ. ಮೊದಲ ಚುನಾವಣೆ ಮುಗಿದ ಮೇಲೆ 1952ರ ಜೂನ್ 18ರಂದು ವಿಧಾನಸಭೆ ಸೇರಿದ್ದೂ ಇಲ್ಲಿನ ಒಂದು ಸಭಾಂಗಣದಲ್ಲೇ.

ಅಷ್ಟರಲ್ಲಿ ಎದುರುಗಡೆ ವಿಧಾನಸೌಧಕ್ಕೆ ನೆಹರೂ ಅಡಿಗಲ್ಲು ಹಾಕಿಯಾಗಿತ್ತು. ಕೆಂಗಲ್ ಹನುಮಂತಯ್ಯನವರ ಹಟದಿಂದ ಅದು 1956ರಲ್ಲಿ ಎದ್ದು ನಿಂತಿತು. ಇಲಾಖೆಗಳು ರಸ್ತೆ ದಾಟಿದವು, ಇತ್ತ ಕೆಂಪು ಕಟ್ಟಡ ಹೈಕೋರ್ಟಿನದಾಯಿತು. ಗುಮಾಸ್ತರು ಓಡಾಡಿದ ಉದ್ದನೆಯ ಜಗಲಿಯಲ್ಲಿ ಕರಿಕೋಟುಗಳು ಓಡಾಡತೊಡಗಿದವು.

ಹಳೇ ಗೋಳು ಹೊಸ ಬಾಡಿಗೆದಾರರನ್ನೂ ಬಿಡಲಿಲ್ಲ. 1980ರ ದಶಕದಲ್ಲಿ ಇದನ್ನು ಕೆಡವಿ ದೊಡ್ಡದು ಕಟ್ಟುವ ಯೋಚನೆ ಬಂತು. ಬೇಡ ಅಂತ ಊರಿನವರು ಕೋರ್ಟಿಗೆ ಹೋದರು. ತಮಾಷೆ ನೋಡಿ, ಈ ಕಟ್ಟಡ ಇರಬೇಕೋ ಬೇಡವೋ ಅನ್ನುವ ವಾದ ನಡೆದದ್ದು ಇದೇ ಕಟ್ಟಡದಲ್ಲಿ! ಕೊನೆಗೂ ಅದು ಉಳಿಯಿತು. ಬೇಕಿದ್ದ ಕೋಣೆಗಳು ಹಿಂದುಗಡೆ ಎದ್ದವು, ಅದೇ ಕೆಂಪು ಬಣ್ಣ ಬಳಿದುಕೊಂಡು.

ರಸ್ತೆ ದಾಟಿದ ಇಲಾಖೆಗಳಾದರೂ ಅಲ್ಲಿ ಹಿಡಿಸಿದವೇ? ಇಲ್ಲ. ಪಕ್ಕದಲ್ಲಿ ಬಹುಮಹಡಿ ಕಟ್ಟಡ ಬಂತು. ಅದೂ ಸಾಲದೆ 2005ರಲ್ಲಿ ವಿಕಾಸಸೌಧ ಬಾಗಿಲು ತೆರೆಯಿತು.