ಗರಗಸ ಮಂಡಲದ ವಿಷ, ಪ್ಲೇಟ್‌ಲೆಟ್‌ನ ಸೀಟು

ವಿಜಯಪುರ ಕಡೆಯ ಕಲ್ಲು ಹೊಲಗಳಲ್ಲಿ ಗರಗಸ ಮಂಡಲ ಸಿಗುತ್ತದೆ. ಮೊಳದುದ್ದದ ಹಾವು. ಕೆಣಕಿದರೆ ಸುರುಳಿ ಸುತ್ತಿ ಮೈಗೆ ಮೈ ತಿಕ್ಕುತ್ತದೆ. ಬದುವಿನ ಕಲ್ಲಿನ ಹತ್ತಿರ ಒಮ್ಮೆ ಕೇಳಿದ್ದೇನೆ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವಾಗ ಚುಂಯ್ ಅನ್ನುತ್ತದಲ್ವಾ, ಥೇಟ್ ಅದೇ ಸದ್ದು. ರಿಸೆಪ್ಟರ್, ಅಂದರೆ ಜೀವಕೋಶದ ಮೈಮೇಲಿನ ಸೀಟು, ಅದರ ಪಾಠ ನನಗೆ ತಲೆಗೆ ಹತ್ತಿದ್ದು ಇದರ ವಿಷದಿಂದಲೇ.

ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳ ಮೈಮೇಲೆ ಜಿಪಿ 2ಬಿ/3ಎ ಎಂಬ ರಿಸೆಪ್ಟರ್ ಸಾವಿರಗಟ್ಟಲೆ ಇರುತ್ತದೆ. ಗಾಯವಾದಾಗ ಅದು ತೆರೆದುಕೊಳ್ಳುತ್ತದೆ. ಆಗ ಫೈಬ್ರಿನೋಜೆನ್ ಎಂಬ ರಕ್ತದ ಪ್ರೋಟೀನ್ ಒಂದು ತುದಿಯಿಂದ ಈ ಪ್ಲೇಟ್‌ಲೆಟ್ಟನ್ನು, ಇನ್ನೊಂದು ತುದಿಯಿಂದ ಪಕ್ಕದ್ದನ್ನು ಹಿಡಿಯುತ್ತದೆ. ಗಾಯದ ಬಾಯಿ ಮುಚ್ಚುವುದು ಹೀಗೆ.

ಹಾವಿನ ವಿಷದಲ್ಲಿರುವ ಎಕಿಸ್ಟಾಟಿನ್ 49 ಅಮೈನೋ ಆಮ್ಲಗಳ ಪೆಪ್ಟೈಡ್, ಅಂದರೆ ಪುಟ್ಟ ಪ್ರೋಟೀನ್ ಸರಪಳಿ. ಅದರ ಒಂದು ಕುಣಿಕೆಯ ತುದಿಯಲ್ಲಿ ಆರ್ಜಿನಿನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ ಸಾಲಾಗಿ ನಿಂತಿವೆ. ಈ ಮೂರೇ ಹೋಗಿ ರಿಸೆಪ್ಟರ್‌ನಲ್ಲಿ ಕೂರುತ್ತವೆ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ. ಸೀಟು ಮುರಿದಿಲ್ಲ, ಆದರೆ ಫೈಬ್ರಿನೋಜೆನ್‌ಗೆ ಜಾಗವಿಲ್ಲ. ಇದನ್ನೇ ಆಂಟಾಗೊನಿಸ್ಟ್ ಅನ್ನುವುದು.

ಒಂದು ಎಚ್ಚರ. ಈ ಹಾವು ಕಚ್ಚಿದಾಗ ರಕ್ತ ಹೆಪ್ಪುಗಟ್ಟದಿರಲು ಎಕಿಸ್ಟಾಟಿನ್ನೇ ಕಾರಣ ಅಂತ ಬರೆಯಬೇಡಿ. ಮುಖ್ಯ ಕೆಲಸ ಎಕಾರಿನ್‌ನಂಥ ಎಂಜೈಮುಗಳದ್ದು. ಅವು ಪ್ರೋಥ್ರಾಂಬಿನ್ ಎಂಬ ಹೆಪ್ಪುಗಟ್ಟಿಸುವ ಪ್ರೋಟೀನನ್ನು ಕತ್ತರಿಸಿ ಸುಮ್ಮಸುಮ್ನೆ ಹೆಪ್ಪು ಶುರುಮಾಡಿಸುತ್ತವೆ, ಫೈಬ್ರಿನೋಜೆನ್ ಖರ್ಚಾಗಿ ಹೋಗುತ್ತದೆ, ಆಮೇಲೆ ಹೆಪ್ಪುಗಟ್ಟಲು ಅದು ಉಳಿದಿರುವುದಿಲ್ಲ. ಎಂಜೈಮ್ ಕತ್ತರಿಸುತ್ತದೆ, ಪೆಪ್ಟೈಡ್ ಕೂರುತ್ತದೆ. ಈ ವ್ಯತ್ಯಾಸ ಬಿಡಬೇಡಿ.

ಎಕಿಸ್ಟಾಟಿನ್‌ನ ಆ ಮೂರು ಅಮೈನೋ ಆಮ್ಲಗಳ ಆಕಾರವನ್ನೇ ಅನುಕರಿಸಿ ಟಿರೋಫಿಬಾನ್ ಮಾಡಿದರು. ಹೃದಯದ ರಕ್ತನಾಳ ಕಟ್ಟಿಕೊಳ್ಳುವಾಗ ಕೊಡುವ ಔಷಧ. ಅದು ಪೆಪ್ಟೈಡ್ ಅಲ್ಲ, ಸಣ್ಣ ಅಣು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಅದೇ ವರ್ಷ ಬಂದ ಎಪ್ಟಿಫಿಬಟೈಡ್ ನನಗೆ ಇನ್ನೂ ಇಷ್ಟ. ಅದರ ಮೂಲ ಅಮೆರಿಕದ ಪಿಗ್ಮಿ ರ‍್ಯಾಟಲ್‌ ಹಾವಿನ ಬಾರ್ಬೌರಿನ್. ಅಲ್ಲಿ ಆರ್ಜಿನಿನ್ ಜಾಗದಲ್ಲಿ ಲೈಸಿನ್ ಇದೆ. ಆರ್ಜಿನಿನ್ ಇರುವ ಸಾಲು ಬೇರೆ ಜೀವಕೋಶಗಳ ಇಂಟೆಗ್ರಿನ್‌ಗಳಿಗೂ (ಇದೇ ಜಾತಿಯ ರಿಸೆಪ್ಟರ್‌ಗಳಿಗೂ) ಅಂಟುತ್ತದೆ. ಲೈಸಿನ್ ಬಂದರೆ ಹೆಚ್ಚಾಗಿ ಪ್ಲೇಟ್‌ಲೆಟ್‌ನದ್ದಕ್ಕೆ ಮಾತ್ರ. ಒಂದೇ ಅಮೈನೋ ಆಮ್ಲ, ಎಷ್ಟು ಫರಕು ನೋಡಿ!

ಕೂತ ಪೆಪ್ಟೈಡೆಲ್ಲ ದಾರಿ ಕಟ್ಟುವುದಿಲ್ಲ. ಗಿಲಾ ಮಾನ್‌ಸ್ಟರ್ ಹಲ್ಲಿಯ ಎಕ್ಸೆಂಡಿನ್-4 ಇನ್ಸುಲಿನ್ ಹೊರಡಿಸುವ ಹಾರ್ಮೋನ್ ಜಿಎಲ್‌ಪಿ-1ಕ್ಕೆ ಇರುವ ನಮ್ಮ ರಿಸೆಪ್ಟರನ್ನು ಎಬ್ಬಿಸುತ್ತದೆ, ಅಂದರೆ ಅಗೊನಿಸ್ಟ್. ನಮ್ಮದೇ ಜಿಎಲ್‌ಪಿ-1ರ ಎರಡನೇ ಸ್ಥಾನದಲ್ಲಿ ಅಲನಿನ್ ಇದೆ. ಡಿಪಿಪಿ-4 ಎಂಜೈಮ್ ಅಲ್ಲೇ ಕತ್ತರಿಸುವುದರಿಂದ ಎರಡು ನಿಮಿಷದೊಳಗೆ ಅದರ ಅರ್ಧ ಮಾಯ. ಹಲ್ಲಿಯದರಲ್ಲಿ ಅಲ್ಲಿ ಗ್ಲೈಸಿನ್ ಇದೆ, ಕತ್ತರಿ ತಾಗುವುದಿಲ್ಲ. ಹಾಗಾಗಿ ಅದು ಗಂಟೆಗಟ್ಟಲೆ ಉಳಿಯುತ್ತದೆ. 2005ರಿಂದ ಸಕ್ಕರೆ ಕಾಯಿಲೆಗೆ ಇಂಜೆಕ್ಷನ್ ಆಗಿ ಕೊಡುತ್ತಿರುವ ಎಕ್ಸೆನಟೈಡ್ ಇದೇ.